ಗೇಣಿಗೆ ಕಾಗದವಿಲ್ಲ

ನೆರೆ ಪರಿಹಾರದ ಹಣ ಬಂದು ತಿಂಗಳಾಯಿತು ಎಂದು ರೈತ ಸಂಪರ್ಕ ಕೇಂದ್ರದ ಹುಡುಗಿ ಹೇಳಿದಾಗ ಕುಶಲಾಳಿಗೆ ಮೊದಲು ಖುಷಿಯೇ ಆಯಿತು.

“ಯಾರ ಖಾತೆಗೆ?”

“ಪಹಣಿ ಯಾರ ಹೆಸರಲ್ಲಿ ಉಂಟೋ ಅವರಿಗೆ. ಎಡ್ವಿನ್ ಅವರಿಗೆ ಹೋಗಿದೆ.”

“ಗದ್ದೆ ಮಾಡುವುದು ನಾನಲ್ವಾ?”

“ನೀವು ಮಾಡುವುದು ಅಂತ ದಾಖಲೆಯಲ್ಲಿ ಎಲ್ಲಿ ಉಂಟಕ್ಕ?”

ಆ ಹುಡುಗಿಯ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ಕುಶಲಾ ಬಿಸಿಲಲ್ಲೇ ಎಡ್ವಿನ್‌ನ ಮನೆಯತ್ತ ನಡೆದಳು. ನಡೆದಷ್ಟೂ ಸಿಟ್ಟು ಏರಿತು. ಎಡ್ವಿನ್ ಕುವೈತಿನಲ್ಲಿದ್ದಾಗ ಉಳುವವರಿಲ್ಲದೆ ಹಡಿಲು ಬಿದ್ದಿದ್ದ ಜಾಗ ಅದು. ಅವಳೂ ಗಂಡ ದೇವದಾಸನೂ ಮುಳ್ಳು ಕಡಿದು, ಸುತ್ತ ಮಣ್ಣಿನ ಹುಣಿ ಕಟ್ಟಿ ಅದನ್ನು ಮತ್ತೆ ಗದ್ದೆ ಮಾಡಿದ್ದರು. ವರ್ಷವರ್ಷವೂ ಗೇಣಿ ಅಕ್ಕಿ ಅಳೆದು ಕೊಟ್ಟಿದ್ದರು. ಈ ಮಳೆಗಾಲ ಹೊಳೆ ನುಗ್ಗಿ, ನೆಟ್ಟಿದ್ದ ಭತ್ತದ ನೇಜಿ ಕೊಳೆತಾಗ, ಇನ್ನೊಮ್ಮೆ ನೆಡಲು ಕಿವಿಯ ಓಲೆ ಅಡವಿಟ್ಟವಳು ಅವಳು. ಆ ನೀರಿನಲ್ಲಿ ಎಡ್ವಿನ್‌ನ ಚಪ್ಪಲಿಯೂ ಒದ್ದೆಯಾಗಿರಲಿಲ್ಲ.

ಅವನು ಅಂಗಳದಲ್ಲಿ ಕಾರು ತೊಳೆಯುತ್ತಿದ್ದ.

“ಹೌದು ಕುಶಲಕ್ಕ, ಬಂದಿದೆ. ಸರಕಾರ ನನ್ನ ಖಾತೆಗೆ ಹಾಕಿದರೆ ನಾನು ಎಂತ ಮಾಡುವುದು?”

“ನನಗೆ ಕೊಡುವುದು.”

ಎಡ್ವಿನ್ ನಕ್ಕ. ಒಳಗೆ ಹೋಗಿ ಎರಡು ನೋಟು ತಂದು ಚಾಚಿದ. “ದೀಪಾವಳಿ ಖರ್ಚಿಗೆ ಇರಲಿ.”

ಕುಶಲಾ ಕೈ ಚಾಚಲಿಲ್ಲ. “ನನಗೆ ಹಬ್ಬದ ಇನಾಮು ಬೇಡ. ಗೇಣಿಗೆ ಮಾಡುವವಳು ನಾನು ಅಂತ ಒಂದು ಕಾಗದ ಬರೆದು ಕೊಡಿ. ಮುಂದಿನ ಸಲವಾದರೂ ನನಗೆ ಬರಲಿ.”

ಅವನ ನಗು ನಿಂತಿತು. “ಇವತ್ತು ಕಾಗದ ಕೊಟ್ಟರೆ ನಾಳೆ ನೀವು ಡಿಕ್ಲರೇಶನ್ ಕೊಡ್ತೀರಿ. ಗದ್ದೆಯೇ ಹೋಗ್ತದೆ. ಊರಿನ ಕಥೆ ನನಗೆ ಗೊತ್ತಿಲ್ವಾ?”

ಡಿಕ್ಲರೇಶನ್! ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಗೇಣಿದಾರರು ಅರ್ಜಿ ಹಾಕಿ ಧಣಿಗಳ ಭೂಮಿ ಪಡೆದದ್ದನ್ನು ಊರು ಇಂದಿಗೂ ಹಾಗೆಯೇ ಕರೆಯುತ್ತದೆ. ಕುಶಲಾಳ ಮೈ ಉರಿದುಹೋಯಿತು.

“ಗೊತ್ತುಂಟಾ? ಹಾಗಾದರೆ ಹೇಳಿ. ನಿಮ್ಮ ಅಪ್ಪ ಓಸ್ವಾಲ್ಡ್ ಪೊರ್ಬುಗಳು ಈ ಗದ್ದೆಯನ್ನು ಕ್ರಯ ಕೊಟ್ಟು ತೆಗೆದುಕೊಂಡದ್ದಾ? ಬನ್ನಂಜೆಯ ಧಣಿಗಳದ್ದಲ್ವಾ ಇದು? ಡಿಕ್ಲರೇಶನ್ ಕೊಟ್ಟೇ ನಿಮ್ಮದಾದದ್ದಲ್ವಾ?”

“ನಾಲಗೆ ಬಿಗಿ ಹಿಡಿದು ಮಾತಾಡಿ!”

ಗಲಾಟೆ ಕೇಳಿ ಎಡ್ವಿನ್‌ನ ತಾಯಿ ಕಾರ್ಮಿನ್ ಬಾಯಿ ಬಾಗಿಲಿಗೆ ಬಂದಿದ್ದರು. “ಅವಳು ಹೇಳಿದ್ದು ಸುಳ್ಳಲ್ಲ, ಪುತಾ. ಧಣಿಯ ಜನ ಗದ್ದೆ ಬಿಡಿಸಲು ಬಂದಾಗ, ನೀನು ಹೊಟ್ಟೆಯಲ್ಲಿದ್ದಿ, ನಾನು ಹುಣಿಯ ಮೇಲೆ ಅಡ್ಡ ನಿಂತಿದ್ದೆ. ನಮಗೂ ಯಾರೂ ಕಾಗದ ಕೊಟ್ಟಿರಲಿಲ್ಲ.”

“ಮಮ್ಮಿ, ನೀನು ಒಳಗೆ ಹೋಗು.”

ಮುದುಕಿ ಹೋಗಲಿಲ್ಲ. ಆದರೆ ಕುಶಲಾಳ ಸಿಟ್ಟು ಈಗ ಅವರ ಕಡೆಗೂ ತಿರುಗಿತು.

“ಇಷ್ಟು ವರ್ಷ ಗೇಣಿ ಅಕ್ಕಿ ಅಳೆಯಿಸಿಕೊಂಡವರು ನೀವೇ, ಬಾಯಮ್ಮ. ಆಗ ಇದು ನೆನಪಾಗಲಿಲ್ವಾ?”

ಕಾರ್ಮಿನ್ ಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಮುಂದಿನ ಮಳೆಗಾಲಕ್ಕೆ ಕುಶಲಾ ಆ ಗದ್ದೆಗೆ ಇಳಿಯಲಿಲ್ಲ. ಗೇಣಿ ಅರ್ಧ ಮಾಡುತ್ತೇನೆಂದು ಎಡ್ವಿನ್ ಫೋನ್ ಮಾಡಿದ. ಕಾಗದದ ಸುದ್ದಿ ಎತ್ತಲಿಲ್ಲ. ಅವಳು ಫೋನ್ ಇಟ್ಟುಬಿಟ್ಟಳು. ಉದ್ಯಾವರದ ಗುಣಪಾಲರ ಗದ್ದೆ ಖಾಲಿ ಇದೆಯೆಂದು ತಿಳಿದು ಹೋಗಿ ಕೇಳಿದಳು.

“ಮಾಡು ಮಾರಾಯ್ತಿ. ನನಗೆ ಗೇಣಿಯೂ ಬೇಡ. ಕಾಗದ ಮಾತ್ರ ಕೇಳಬೇಡ,” ಎಂದರು ಅವರು.

ಮನೆಯಲ್ಲಿ ಬಿತ್ತನೆಯ ಭತ್ತ ಮೊಳಕೆಯೊಡೆದಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿದಳು.

ನಾಟಿಯ ದಿನ ಗುಣಪಾಲರ ಗದ್ದೆಯ ಪಕ್ಕದ ಹೊಳೆ ತುಂಬಿ ಹರಿಯುತ್ತಿತ್ತು. “ಇನ್ನಾದರೂ ಸಿಟ್ಟು ಬಿಡು. ಒಳ್ಳೆಯ ಮಣ್ಣು ಉಂಟು,” ಎಂದ ದೇವದಾಸ.

“ಇದು ಮುಳುಗಿದರೆ ದುಡ್ಡು ಯಾರಿಗೆ ಹೋಗ್ತದೆ? ಅದನ್ನು ಹೇಳಿ ಮೊದಲು.”

ಕುಶಲಾ ಸೀರೆ ಎತ್ತಿ ಕಟ್ಟಿ, ನೇಜಿಯ ಕಟ್ಟನ್ನು ಕೆಸರಿಗೆ ಎಸೆದು, ಹಲ್ಲು ಕಚ್ಚಿ ಬಗ್ಗಿದಳು.