ಮೂರು ಗೇಣಿಗೊಂದು ಜಂತೆ

ಕಾಲಿಟ್ಟಲ್ಲಿ ಹಲಗೆ ತುಸು ತಗ್ಗಿತು. ಶಿಕಾರಿಪುರದ ಪೇಟೆಯಲ್ಲಿ ಅಂಗಡಿಯೊಂದರ ಅಟ್ಟ ರಿಪೇರಿಗೆ ಹತ್ತಿದ್ದ ಬಡಗಿ ಲೋಕಪ್ಪಾಚಾರಿ ಕಾಲು ಹಿಂದೆಗೆದ. ಒಂದಂಗುಲದ ಮಾವಿನ ಹಲಗೆ. ಅಡಿಯಲ್ಲಿ ಅದನ್ನು ಹೊತ್ತ ಜಂತೆಗಳ ನಡುವೆ ಮೂರು ಗೇಣು ಅಂತರ. ಕಟ್ಟಿದವನನ್ನು ಬೈಯಲು ಹೊರಟವನಿಗೆ ತನ್ನದೇ ಕೆಲಸ ನೆನಪಾಯಿತು. ಹದಿನೈದು ದಿನದ ಹಿಂದೆ ಸೊರಬದಾಚೆಯ ಜಡೆ ಊರಿನಲ್ಲಿ, ಹನುಮಂತಪ್ಪನ ಹಿತ್ತಿಲ ಬಾಗಿಲಿಗೆ ಹಲಗೆಯ ಜಗಲಿ ಕಟ್ಟಿಕೊಟ್ಟಾಗ ತಾನು ಮಾಡಿದ್ದೂ ಇದನ್ನೇ.

ಎರಡಂಗುಲದ ಹೊನ್ನೆ ಹಲಗೆ ಬರುತ್ತದೆಂದು ಜಂತೆಗಳನ್ನು ದೂರ ದೂರ ಕೂರಿಸಿದ್ದ. ಬಂದದ್ದು ತೆಳ್ಳನೆಯ ಮಾವು. ಇಬ್ಬರು ಕೂತು ಎಲೆಯಡಿಕೆ ಹಾಕುವ ಜಾಗ ತಾನೇ ಎಂದು ಹಾಗೆಯೇ ಮೊಳೆ ಹೊಡೆದಿದ್ದ. ಮೊನ್ನೆ ಸಂತೆಯಲ್ಲಿ ಸಿಕ್ಕ ಹನುಮಂತಪ್ಪ, ಮಗಳು ಯಮುನಮ್ಮನ ಸೀಮಂತವನ್ನು ಆ ಜಗಲಿಯ ಮೇಲೇ ಮಾಡುತ್ತೇವೆಂದು ಕರೆದಾಗಲೂ ತಲೆದೂಗಿ ಸುಮ್ಮನಿದ್ದ. ಸೀಮಂತ ಇವತ್ತು ಮಧ್ಯಾಹ್ನ.

ಉಳಿ, ಸುತ್ತಿಗೆ, ಗರಗಸ ಚೀಲಕ್ಕೆ ತುರುಕಿಕೊಂಡು ಸೊರಬದ ಬಸ್ಸು ಹತ್ತಿದ. ಕಂಡಕ್ಟರ್ ಕೊಟ್ಟ ಹೊಸ ನಯಾಪೈಸೆಗಳನ್ನು ನೋಡದೆ ಕಿಸೆಗೆ ಸುರಿದುಕೊಂಡ. ಸೊರಬದಲ್ಲಿ ಜಡೆಯ ಬಸ್ಸಿಗೆ ಕಾದ ಅರ್ಧ ಗಂಟೆ ಕೂರಲಾಗಲಿಲ್ಲ. ಮೂವತ್ತು ವರ್ಷದಲ್ಲಿ ತನ್ನ ಕೆಲಸ ತಪ್ಪೆಂದು ತಾನೇ ಹೇಳಿದವನಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ, ಒಂದೂ ಕೂಡಿಬರಲಿಲ್ಲ.

ಹಿತ್ತಿಲಿಗೆ ಬಂದಾಗ ಜಗಲಿಗೆ ಚಾಪೆ ಹಾಸಿಯಾಗಿತ್ತು. ನಾಲ್ಕೈದು ಹೆಂಗಸರು ಹತ್ತಿದ್ದರು. ಯಮುನಮ್ಮ ಹಸಿರು ಸೀರೆಯುಟ್ಟು ಹೊಸ್ತಿಲ ಬಳಿ ನಿಂತಿದ್ದಳು.

"ಅಲ್ಲೇ ನಿಲ್ಲವ್ವ ತಂಗಿ," ಎಂದ ಆಚಾರಿ. "ಉಳದೋರು ಕೆಳಗಿಳೀರಿ."

ಹನುಮಂತಪ್ಪ ಓಡಿಬಂದ. "ಎಂತಾತು ಆಚಾರ್ರೆ?"

"ಜಂತೆ ದೂರ ಆಗ್ಯಾವ್ರಿ, ಹಲಗಿ ತೆಳುವು. ಗೊತ್ತಿದ್ದೂ ಮೊಳಿ ಹೊಡದೆ. ತಪ್ಪು ನಂದು."

ಹನುಮಂತಪ್ಪನ ತಾಯಿ ಗುತ್ಯಮ್ಮ ಮೊಮ್ಮಗಳ ಹೊಟ್ಟೆಯನ್ನೊಮ್ಮೆ, ಆಚಾರಿಯ ಮುಖವನ್ನೊಮ್ಮೆ ನೋಡಿ, ಕೋಲೂರಿ ಜಗಲಿಯಿಂದಿಳಿದಳು.

"ಇನ್ನೂ ಹೊತ್ತದೆ," ಎಂದು ಮಗನಿಗೆ ಹೇಳಿದಳು. "ಕೊಟ್ಟಿಗೆಗೆ ತಂದಿಟ್ಟ ಮತ್ತಿ ಮರದ ತುಂಡು ಕೊಡು ಇವರಿಗೆ. ಹೇಳಕ್ಕೆ ಅಷ್ಟು ದೂರದಿಂದ ಬಂದೋರು ಸರಿ ಮಾಡದೆ ಹೋಗ್ತಾರಾ?"

ಆಚಾರಿ ಜಗಲಿಯಡಿಗೆ ತೆವಳಿದ. ಹನುಮಂತಪ್ಪ ಅಳತೆಗೆ ಕೊಯ್ದು ಕೊಟ್ಟ ಹಾಗೆಲ್ಲ, ಎರಡೆರಡು ಜಂತೆಗಳ ನಡುವೆ ಒಂದೊಂದು ತುಂಡು ತೂರಿಸಿ, ಬೆಣೆ ಬಡಿದು ಹಲಗೆಗೆ ಒತ್ತಿ ನಿಲ್ಲಿಸಿದ. ಕೊನೆಯದು ಮುಗಿದದ್ದೇ ಮೇಲೆ ಹತ್ತಿ, ನಟ್ಟನಡುವೆ ಎರಡು ಸಲ ಕುಪ್ಪಳಿಸಿದ. ಹಲಗೆ ಅಲುಗಲಿಲ್ಲ.

ಯಮುನಮ್ಮ ನಕ್ಕಳು. "ಈಗ ನಾ ಕೂರಬಹುದಾ?"

"ಕೂರವ್ವ," ಎಂದ.

ಊಟಕ್ಕೆ ಕರೆದರೂ ಅವನು ಹೋಗಲಿಲ್ಲ. ಜಗಲಿಯ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೈಯನ್ನು ಅಡಿಗೆ ಚಾಚಿ ಹೊಸ ಜಂತೆಯೊಂದಕ್ಕೆ ಅಂಗೈ ಆನಿಸಿದ. ಮೇಲೆ ಹೆಂಗಸರು ತುಂಬಿದರು, ಬಳೆಗಳು ಸದ್ದಾದವು, ಹಾಡು ಶುರುವಾಯಿತು. ಮರ ತೆಪ್ಪಗಿತ್ತು. ಆರತಿ ತಟ್ಟೆಯಿಂದ ತುಳುಕಿದ ಕೆಂಪು ನೀರು ಹಲಗೆಯ ಸಂದಿನಲ್ಲಿ ಇಳಿದು, ಅವನ ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿ, ನಿಧಾನವಾಗಿ ಮೊಣಕೈಯತ್ತ ಹರಿಯಿತು.