ಅರಿಶಿಣದ ಕೈ

ಜಡೆಮ್ಮ ಒರಳಿನಲ್ಲಿ ಅರಿಶಿಣದ ಕೊಂಬು ಕುಟ್ಟುತ್ತಿದ್ದಳು. ಕೈ ಆಗಾಗ ನಿಲ್ಲುತ್ತಿತ್ತು. ಕೊಂಬು ಅವಳದಲ್ಲ. ಸಿರಿಗೇರಿಯ ಸಾಹುಕಾರ ಚಿದಾನಂದಪ್ಪ ತನ್ನ ಜಾಗದಲ್ಲಿ ಗುಡಿಸಲು ಹಾಕಿಕೊಂಡವರ ಮನೆಮನೆಗೂ ಅದನ್ನು ಕಳಿಸಿದ್ದ. ತಂದುಕೊಟ್ಟ ಆಳು ಹುಲುಗಪ್ಪ ಒಂದು ಮಾತೂ ಹೇಳಿ ಹೋಗಿದ್ದ. ನಾಳೆ ಓಟಿಗೆ ಬರುವ ಹೆಂಗಸರು ಅಂಗೈ ತುಂಬ ಅರಿಶಿಣ ಹಚ್ಚಿಕೊಂಡು ಬರಬೇಕು. ಚೀಟಿಗೆ ಹಳದಿ ಹತ್ತುತ್ತದೆ. ಓಟಿಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ. ಸಾಹುಕಾರರು ಹೇಳಿದ ಪೆಟ್ಟಿಗೆ ಬಿಟ್ಟು ಬೇರೆಯದರಲ್ಲಿ ಹಳದಿ ಚೀಟಿ ಸಿಕ್ಕರೆ ಗುಡಿಸಲು ಉಳಿಯುವುದಿಲ್ಲ.

ಜಡೆಮ್ಮನಿಗೆ ಇದು ಬರೀ ಬೆದರಿಕೆಯಲ್ಲ. ಹಿಂದೆ ಊರ ಸಭೆಯಲ್ಲಿ ಅವಳ ಗಂಡ ಮೂಕಪ್ಪ ಸಾಹುಕಾರನ ಮಾತಿಗೆ ವಿರುದ್ಧ ಕೈ ಎತ್ತಿದ್ದ. ಆ ವರ್ಷವೇ ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದ ಸಾಹುಕಾರನ ಹೊಲ ಕೈತಪ್ಪಿತು. ಈಗ ಅವನು ಹೊಸದಾಗಿ ಕಟ್ಟುತ್ತಿರುವ ತುಂಗಭದ್ರಾ ಡ್ಯಾಮಿನಲ್ಲಿ ಕಲ್ಲು ಒಡೆಯುತ್ತಾನೆ. ಊರಿಗೆ ಬಂದಾಗ ಮಾತಿಗಿಂತ ಕೆಮ್ಮೇ ಹೆಚ್ಚು.

ಕುರುಗೋಡಿಗೆ ಕೊಟ್ಟ ಮಗಳು ಪಾರಮ್ಮನದೂ ಇದೇ ಸಂಕಟ. ತಾನು ಹೇಳಿದ ಕಡೆ ಓಟು ಹಾಕದಿದ್ದರೆ ತವರಿಗೆ ಅಟ್ಟುತ್ತೇನೆ ಎಂದಿದ್ದ ಮಾವ. ಯಾರಿಗೆ ಹಾಕಿದೆನೆಂದು ಅವರಿಗೆ ನಿಜವಾಗಿ ಗೊತ್ತಾಗುತ್ತದೆಯೇ ಎಂದು ಮಗಳು ಬಳೆಗಾರನ ಕೈಲಿ ಕೇಳಿಸಿದ್ದಳು. ಉತ್ತರಕ್ಕೆಂದು ಜಡೆಮ್ಮ ಅಂದೇ ಟಪಾಲು ಕಾರ್ಡು ಕೊಂಡಿದ್ದಳು. ಉತ್ತರ ತನಗೇ ಗೊತ್ತಿಲ್ಲ. ಕಾರ್ಡು ಗೂಡಿನಲ್ಲಿ ಧೂಳು ತಿನ್ನುತ್ತಿತ್ತು.

ಪಕ್ಕದ ಮನೆಯ ದೊಡ್ಡಬಸಮ್ಮ ಬಂದು ಒರಳಿನ ಪಕ್ಕ ಕುಳಿತಳು. ತಂಗಿಯ ಮನೆಗೆಂದು ಬಳ್ಳಾರಿಗೆ ಹೋದಾಗ, ಸಾಲೆಯ ಅಂಗಳದಲ್ಲಿ ಓಟು ಹಾಕುವುದನ್ನು ಜನರಿಗೆ ಕಲಿಸುತ್ತಿದ್ದುದನ್ನು ಅವಳು ನಿಂತು ನೋಡಿದ್ದಳು.

"ಪೆಟ್ಟಿಗಿ ಇರೋ ಕಡಿ ಪರದೆ ಕಟ್ಟಿರ್ತಾರ. ಒಳಗ ನೀನೊಬ್ಬಾಕಿನ. ಓಟಿನ ಆಫೀಸರ್ರೂ ಇಣುಕಂಗಿಲ್ಲ. ಚೀಟಿ ಮ್ಯಾಲ ನಿನ್ನ ಹೆಸರಿರಂಗಿಲ್ಲ."

"ಹೆಸರಿಲ್ಲಂದ್ರ ಏನಾತು ಯಕ್ಕ, ಹಳದಿ ಇರತೈತಲ್ಲ. ಅವತ್ತು ನನ್ನ ಗಂಡ ಎತ್ತಿದ್ದೂ ಬರೇ ಕೈನ."

ದೊಡ್ಡಬಸಮ್ಮ ಒರಳಿನಿಂದ ಚಿಟಿಕೆ ಅರಿಶಿಣ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು.

"ಅದಕ್ಕ ಈ ಸಲ ಕೈ ಎತ್ತಸಂಗಿಲ್ಲ. ಹಾಕಿದವರ ಗುರುತು ಸಿಗೋ ಚೀಟಿನ ಲೆಕ್ಕಕ್ಕ ಹಿಡಿಯಂಗಿಲ್ಲಂತ. ಅರಿಶಿಣ ಹಂಚಿ ತನ್ನ ಓಟು ತಾನ ಕೆಡಸಕೊಳ್ಳೋ ಶ್ಯಾಣ್ಯಾ ನೋಡು ನಮ್ಮ ಸಾಹುಕಾರ. ನೀ ಹಚ್ಕೊಂಡ ಹೋಗು. ಸೆರಗಿನ ತುದಿ ಮಾತ್ರ ಒದ್ದಿ ಮಾಡ್ಕೊಂಡಿರು."

ಇನ್ನೂ ಒಂದು ಹೇಳಿದಳು. ಕೆಲವರು ಚೀಟಿಯನ್ನು ದೇವರಿಗೆ ಹೂವಿಟ್ಟಂತೆ ಪೆಟ್ಟಿಗೆಯ ಮೇಲೆ ಇಟ್ಟು ಕೈಮುಗಿದು ಬರುತ್ತಾರಂತೆ. ಅದು ಓಟಲ್ಲ. ಮಡಚಿ, ಸೀಳಿನೊಳಗೆ ಪೂರಾ ತಳ್ಳಬೇಕು.

ಮರುದಿನ ಹುಲುಗಪ್ಪ ದಾರಿಯಲ್ಲಿ ನಿಂತು, ಎತ್ತಿನ ಹಲ್ಲು ನೋಡುವವನಂತೆ ಒಬ್ಬೊಬ್ಬರ ಅಂಗೈ ನೋಡಿ ಬಿಡುತ್ತಿದ್ದ. ಜಡೆಮ್ಮನ ಕೈ ಹಳದಿಯಾಗಿತ್ತು. ಮತಗಟ್ಟೆಯ ಒಳಗೆ ಗುಮಾಸ್ತ ಪಟ್ಟಿಯಲ್ಲಿ ಹೆಸರು ನೋಡಿದ. ಅರಿಶಿಣದ ಮೇಲೆ ಮಸಿ ಹಿಡಿಯುವುದಿಲ್ಲ, ಬೆರಳು ಒರೆಸಿಕೋ ಎಂದ. ಅವಳು ಬೆರಳಷ್ಟೇ ಅಲ್ಲ, ಎರಡೂ ಕೈಗಳನ್ನು ಒದ್ದೆ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಮಸಿ ಹಚ್ಚಿಸಿಕೊಂಡು, ಚೀಟಿ ಹಿಡಿದು ಪರದೆಯ ಹಿಂದೆ ಹೋದಳು.

ಯಾವ ಪೆಟ್ಟಿಗೆಗೆ ಹಾಕಿದಳು? ದೊಡ್ಡಬಸಮ್ಮ ಕೇಳಲಿಲ್ಲ. ಕತೆ ಹೇಳುವ ನನಗೂ ಗೊತ್ತಿಲ್ಲ.

ಹೊರಗೆ ಹುಲುಗಪ್ಪ ಅಡ್ಡ ನಿಂತ. "ಕೈ ಯಾಕ ಒರಸಿದಿ? ಯಾವುದಕ್ಕ ಹಾಕಿದಿ?"

"ಒಳಗಿನೋರು ಒರಸಂದ್ರು. ಯಾವುದಕ್ಕಂತ ಯಾರಿಗೂ ಹೇಳಬೇಕಾಗಿಲ್ಲಂತಪ್ಪ."

"ಗುಡಿಸಲದ ಮಾತು ಆಮ್ಯಾಲ ಐತಿ."

ಆ ಸಂಜೆ ಜಡೆಮ್ಮ ಒಲೆ ಹಚ್ಚಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಆದರೆ ದೊಡ್ಡಬಸಮ್ಮನ ಮಾತು ಕೇಳಿ ಕೇರಿಯ ಹೆಂಗಸರೆಲ್ಲ ಕೈ ಒರೆಸಿಕೊಂಡೇ ಚೀಟಿ ಹಾಕಿ ಬಂದಿದ್ದರು. ಯಾರ ಗುಡಿಸಲು ಬಿಡಿಸಬೇಕೆಂದು ಸಾಹುಕಾರನಿಗೆ ತಿಳಿಯುವ ದಾರಿ ಇರಲಿಲ್ಲ.

ಬೆಳಗಾದ ಮೇಲೆ ಅವಳು ಗೂಡಿನಿಂದ ಕಾರ್ಡು ತೆಗೆದಳು. ಕುರುಗೋಡಿನಲ್ಲಿ ಓಟು ಇನ್ನೂ ಮುಂದಿತ್ತು. ಕಾರ್ಡನ್ನು ಬೀಗರೂ ಓದುತ್ತಾರಲ್ಲ, ಲಕೋಟೆ ತರಲೇ ಎಂದಳು ಬರೆಯಲು ಕೂತ ದೊಡ್ಡಬಸಮ್ಮ.

"ಓದ್ಲಿ. ಪಾರಿಗೆ ಓದಾಕ ಬರಂಗಿಲ್ಲ. ಆ ಮಾವಾನ ತನ್ನ ಬಾಯಿಲೆ ಓದಿ ಹೇಳಬೇಕು. ಬರಿ: ಒಳಗ ಯಾರೂ ನೋಡಂಗಿಲ್ಲ ಮಗಳ, ನಿನ್ನ ಮನಸಿಗೆ ಬಂದಂಗ ಹಾಕು."

ಅಕ್ಕತಂಗಿಯರೇ, ಈ ಮಾತು ನಿಮಗೂ ಬರೆದದ್ದು. ಆಣೆ ಹಾಕಿಸಿಕೊಂಡವರು, ಬೆದರಿಕೆ ಕೇಳಿದವರು ಮನೆಯಲ್ಲೇ ಕೂರಬೇಡಿ. ಚೀಟಿಯ ಮೇಲೆ ಯಾವ ಗುರುತೂ ಆಗದಂತೆ ನೋಡಿಕೊಳ್ಳಿ. ಪೆಟ್ಟಿಗೆಯೊಳಗೇ ಹಾಕಿ. ನೀವಾಗಿ ಹೇಳದೆ ನಿಮ್ಮ ಓಟು ಯಾರಿಗೂ ತಿಳಿಯದು.

ಚಾವಡಿಯ ಟಪಾಲು ಪೆಟ್ಟಿಗೆಯ ಬಾಯಲ್ಲಿ ಕಾರ್ಡು ಅರ್ಧಕ್ಕೆ ನಿಂತಿತು. ಜಡೆಮ್ಮ ಮಸಿ ಹತ್ತಿದ ಬೆರಳಿನಿಂದ ಅದನ್ನು ಪೂರಾ ಒಳಗೆ ತಳ್ಳಿದಳು.