ಮೂರನೆಯ ಜಾಡಿ

ಇತ್ತೋ ಇಲ್ಲವೋ, ಈಗ ತಾನೇ ಲಿಫ್ಟಿನ ಬಾಗಿಲು ತೆರೆದಾಗ ಏನೋ ಮೂಗಿಗೆ ಬಡಿದ ಹಾಗಾಯಿತಲ್ಲ, ನೆಲ ಒರೆಸುವ ದ್ರಾವಣದ್ದೋ, ಮುಂದೆ ನಿಂತವನ ಒದ್ದೆ ಕೋಟಿನದ್ದೋ, ಅಥವಾ ಬಡಿದದ್ದು ಬರೀ ತಣ್ಣನೆಯ ಗಾಳಿಯೋ, ಅವನು ಇನ್ನೊಮ್ಮೆ ಉಸಿರೆಳೆದುಕೊಂಡ, ಮೆಲ್ಲಗೆ, ಪಕ್ಕದವರಿಗೆ ನಿಟ್ಟುಸಿರಿನಂತೆ ಕೇಳಲಿ ಎಂದು — ಏನೂ ಇಲ್ಲ, ಕೊಳವೆಯೊಳಗೆ ನೀರು ಹೋಗಿ ಬಂದಂತೆ ಗಾಳಿ ಹೋಗಿ ಬಂತು, ಆದರೆ ಮೊದಲ ಸಲ ಇತ್ತಲ್ಲ, ಇತ್ತು ಅನ್ನಿಸಿತಲ್ಲ, ಅನ್ನಿಸುವುದಕ್ಕೂ ಇರುವುದಕ್ಕೂ ನಡುವೆ ಎಷ್ಟು ದೂರ ಎಂದು ಆ ಡಾಕ್ಟರನ್ನು ಕೇಳಬೇಕಿತ್ತು, ಊರಿನ ಆ ತುದಿಯ ಡಾಕ್ಟರು, ಕಂಪನಿಯ ಡಾಕ್ಟರ ಹತ್ತಿರ ಹೋದರೆ ಸುದ್ದಿ ತನಗಿಂತ ಮುಂಚೆ ಆಫೀಸು ಮುಟ್ಟುತ್ತದೆ ಎಂದು ಬಸ್ಸು ಬದಲಿಸಿ ಅಲ್ಲಿಗೆ ಹೋಗಿದ್ದ, ಆತ ಮೂಗಿನೊಳಗೆ ದೀಪ ಬಿಟ್ಟು ನೋಡಿ, ಈ ಜ್ವರ ಹೋಗುವಾಗ ಕೆಲವರಲ್ಲಿ ವಾಸನೆಯನ್ನೂ ಜೊತೆಗೆ ಕರಕೊಂಡು ಹೋಗುತ್ತೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಕಣ್ಣೋ ಕಿವಿಯೋ ಹೋಗಿಲ್ಲವಲ್ಲ ಸಮಾಧಾನ ಮಾಡಿಕೊಳ್ಳಿ, ಅಂದಹಾಗೆ ಏನು ಕೆಲಸ ನಿಮ್ಮದು ಎಂದು ಕೇಳಿದ್ದ. ಲೆಕ್ಕಪತ್ರ, ಎಂದುಬಿಟ್ಟಿದ್ದ ಇವನು. ಮತ್ತೇನು ಚಿಂತೆ ಬಿಡಿ, ಎಂದು ಆತ ನಕ್ಕ, ಇವನೂ ನಕ್ಕ, ನಗುತ್ತಾ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡಿದ್ದ, ಆ ಕಂಬಿಯ ಕಬ್ಬಿಣಕ್ಕೂ ವಾಸನೆ ಇರಬೇಕಿತ್ತು, ಅಂಗೈಗೆ ಹತ್ತುವ ಹುಳಿ ವಾಸನೆ, ಅಂಗೈ ಮೂಸಿ ನೋಡಿದ್ದ, ಅಂಗೈ ಅಷ್ಟೆ, ಗೆರೆಗಳು ಅಷ್ಟೆ.

ಅವನ ಕೆಲಸ ಮೂಸುವುದು. ಹಾಗೆಂದರೆ ನೆಂಟರು ನಗುತ್ತಾರೆ, ಭಾವಮೈದನಂತೂ ಬಂದಾಗಲೆಲ್ಲ ಹಾಲಿನ ಪಾತ್ರೆ ಮುಂದೆ ಹಿಡಿದು, ಕೆಟ್ಟಿದೆಯಾ ನೋಡಿ ಭಾವ, ನಿಮಗೆ ಸಂಬಳ ಕೊಡೋದು ಅದಕ್ಕೇ ತಾನೇ ಎನ್ನುತ್ತಾನೆ, ನಗಲಿ, ಅವರಿಗೇನು ಗೊತ್ತು, ದೊಡ್ಡ ದುಡ್ಡಿನ ಕಾರುಗಳೆಲ್ಲ ಒಳಗೆ ಒಂದೇ, ಅದೇ ಉಕ್ಕು ಅದೇ ತಂತಿ ಅದೇ ಬ್ಯಾಟರಿ, ಒಬ್ಬರ ಬೋಲ್ಟು ಇನ್ನೊಬ್ಬರ ಗಾಡಿಗೆ ಕೂರುತ್ತದೆ, ಬೇರೆ ಮಾಡುವುದು ಹೇಗೆ, ಒಬ್ಬರು ಬಾಗಿಲು ಮುಚ್ಚುವ ಸದ್ದನ್ನು ಮಾರುತ್ತಾರೆ, ಆ ದಪ್ಪನೆಯ ಧಪ್ ಕೇಳಿದರೆ ಸಾಕು ಜನ ಪೆನ್ನು ತೆಗೆಯುತ್ತಾರೆ, ಮತ್ತೊಬ್ಬರು ಮುಂದಿನ ಜಾಲರಿಯನ್ನು ಹಲ್ಲು ಕಿರಿದ ಹಾಗೆ ಇಟ್ಟು ಹೆದರಿಸಿ ಮಾರುತ್ತಾರೆ, ಮತ್ತೊಬ್ಬರು ವೇಗ, ಇವನ ಕಂಪನಿ ಮಾರುತ್ತಾ ಬಂದದ್ದು ವಾಸನೆ. ಕಣ್ಣು ಕಟ್ಟಿ ಕೂರಿಸಿದರೂ ಇದು ನಮ್ಮ ಗಾಡಿ ಅಂತ ಗೊತ್ತಾಗಬೇಕು, ಎನ್ನುತ್ತಾಳೆ ಬ್ರ್ಯಾಂಡ್ ವಿಭಾಗದ ಮೇಡಂ, ನಮ್ಮ ಗ್ರಾಹಕ ಅಪ್ಪನ ಕಾರಿನ ಹಿಂದಿನ ಸೀಟಲ್ಲಿ ನಿದ್ದೆ ಹೋದವನು, ಅವನಿಗೆ ನಾವು ಮಾರೋದು ಕಾರಲ್ಲ, ಆ ನಿದ್ದೆ. ಈಗ ಹಳೆಯ ಚರ್ಮ ಹದ ಮಾಡುವವರು ಕಾರ್ಖಾನೆ ಮುಚ್ಚಿದ್ದಾರೆ, ಹೊಸ ಗಾಡಿಯ ಸೀಟಿಗೆ ಹೊಸ ಹೊದಿಕೆ, ಗಿಡದ ನಾರಿನದು, ಅದಕ್ಕೆ ಹಳೆಯ ವಾಸನೆ ಕೂರಿಸಬೇಕು, ಮೂರು ಬಗೆ ಮಾಡಿದ್ದಾರೆ, ಇವತ್ತು ಅವುಗಳಲ್ಲಿ ಒಂದನ್ನು ಆರಿಸಬೇಕು, ಆರಿಸಬೇಕಾದವನು ಅವನು, ಉಳಿದ ಮೂಗುಗಳೂ ಇವೆ, ಆದರೆ ಕೊನೆಗೆ ಎಲ್ಲರೂ ತಿರುಗುವುದು ಅವನ ಕಡೆಗೇ, ಅವನು ಹೂಂ ಎಂದರೆ ಹೂಂ.

ಜ್ವರ ಬಂದು ಹೋದಮೇಲೆ ಹೂಂ ಎಂದದ್ದೆಲ್ಲ ಕದ್ದ ಹೂಂ. ದುಂಡು ಮೇಜಿನ ಸುತ್ತ ಎಲ್ಲರೂ ಕೂತು ಜಾಡಿ ದಾಟಿಸುತ್ತಿದ್ದಾಗ ಅವನು ಮೂಸುವಂತೆ ಬಗ್ಗಿ ಎದುರಿನವರ ಮುಖ ಓದುತ್ತಿದ್ದ, ರಸಾಯನ ವಿಭಾಗದ ಹುಡುಗಿಯ ಹುಬ್ಬು ನೋಡಿದರೆ ಸಾಕು, ಅಂಟಿನ ನಾತ ಇದ್ದರೆ ಎಡಹುಬ್ಬು ಏರುತ್ತದೆ, ಚೆನ್ನಾಗಿದ್ದರೆ ಪೆನ್ಸಿಲ್ಲನ್ನು ತುಟಿಗೆ ಒತ್ತಿಕೊಳ್ಳುತ್ತಾಳೆ, ಅವಳ ಮುಖ ಮೂಸಿ ಅವನು ಅಂಕ ಕೊಡುತ್ತಿದ್ದ. ಇವತ್ತು ಅದೂ ಇಲ್ಲ, ಒಬ್ಬರ ಪ್ರಭಾವ ಒಬ್ಬರ ಮೇಲೆ ಬೀಳಬಾರದು ಎಂದು ಮೇಡಂ ಹಲಗೆಯ ಮರೆಗಳನ್ನು ಹಾಕಿಸಿದ್ದಾಳೆ, ಒಬ್ಬೊಬ್ಬರಿಗೆ ಒಂದೊಂದು ಗೂಡು. ಗೂಡಿನಲ್ಲಿ ನಾಲ್ಕು ಜಾಡಿ, ಮೂರರಲ್ಲಿ ಹೊದಿಕೆಯ ತುಂಡು, ನಾಲ್ಕನೆಯದು ಖಾಲಿ, ಯಾವುದು ಖಾಲಿ ಎಂದು ಯಾರಿಗೂ ಗೊತ್ತಿರುವುದಿಲ್ಲ, ಕೂತವರ ಮೂಗು ನೆಟ್ಟಗಿದೆಯೋ ಇಲ್ಲವೋ ನೋಡಲು ಪ್ರತಿ ಸುತ್ತಿನಲ್ಲೂ ಒಂದು ಖಾಲಿ ಜಾಡಿ ಇಡುವುದು ಇಲ್ಲಿನ ಪದ್ಧತಿ, ಮೇಷ್ಟ್ರು ಹಾಕಿಕೊಟ್ಟದ್ದು. ಇವನಿಗೆ ಮೂಸುವುದನ್ನು ಕಲಿಸಿದ ಮುದುಕ, ಹೆಸರು ಹಿಡಿದು ಕರೆದವರೇ ಇಲ್ಲ, ಎಲ್ಲರಿಗೂ ಮೇಷ್ಟ್ರು, ಕೊನೆಯ ವರ್ಷ ಒಂದು ದಿನ ಜಾಡಿಯ ಮೇಲೆ ಬಗ್ಗಿ ಬಹಳ ಹೊತ್ತು ಹಾಗೇ ಇದ್ದು, ಇದು ಖಾಲಿಯೋ ಏನೋ ನನಗೆ ತಿಳೀತಿಲ್ಲ ಕಣಪ್ಪ, ನೀನೇ ನೋಡು, ಎಂದು ಜಾಡಿಯನ್ನು ಇವನ ಕಡೆ ಸರಿಸಿ, ಎದ್ದು, ಕೋಟು ತೊಟ್ಟು ಹೋಗಿಬಿಟ್ಟರು. ಜಾಡಿ ಖಾಲಿಯಾಗಿರಲಿಲ್ಲ, ಅಂಟಿನ ನಾತಕ್ಕೆ ಇವನ ಕಣ್ಣಲ್ಲಿ ನೀರು ಬಂದಿತ್ತು. ಎಷ್ಟು ಸಲೀಸಾಗಿ ಹೇಳಿದರು, ಬಸ್ಸು ತಪ್ಪಿತು ಎನ್ನುವ ಹಾಗೆ, ಅವರಿಗೆ ಇನ್ನೇನು ಬಾಕಿ ಇರಲಿಲ್ಲ, ಮಕ್ಕಳು ದಡ ಸೇರಿದ್ದರು, ಇವನಿಗೆ — ಇವನಿಗೆ ಏನು ಬಾಕಿ ಇದೆ, ಮೂಗು ಬಿಟ್ಟರೆ ಇವನು ಯಾರು, ಇಪ್ಪತ್ತು ವರ್ಷ ಇನ್ನೊಂದು ವಿದ್ಯೆ ಕಲಿಯಲಿಲ್ಲ.

ಸಾರ್, ಎಂದಳು ಹುಡುಗಿ, ಲಿಫ್ಟಿನಾಚೆಯ ಓಣಿಯಲ್ಲಿ, ತೀರಾ ಹತ್ತಿರ ಬಂದು, ಏನ್ ಸಾರ್ ಇವತ್ತು ಹೂವಿನ ತೋಟದಲ್ಲಿ ಹಾದು ಬಂದ ಹಾಗಿದೆ, ನಾವೇನಾದರೂ ಹೀಗೆ ಬಂದಿದ್ದರೆ ಗೇಟಿನಿಂದಲೇ ವಾಪಸ್ ಕಳಿಸ್ತಿದ್ರಿ. ಬಸ್ಸಲ್ಲಿ ಯಾರೋ ಒರಗಿದ್ದರಮ್ಮ, ನನಗೂ ಆಗಿನಿಂದ ತಲೆ ಸಿಡೀತಿದೆ, ಎಂದ, ಎಷ್ಟು ಬೇಗ ಬರುತ್ತದೆ ಸುಳ್ಳು, ಕೋಟು ಬಿಚ್ಚಿ ಹೊರಗಿನ ಗೂಟಕ್ಕೆ ಹಾಕಿದ. ಅಂದರೆ ಹೆಂಡತಿ ಹಚ್ಚಿಕೊಂಡಿದ್ದಾಳೆ. ಹೋದ ವಾರ ಕನ್ನಡಿಯ ಕೆಳಗೆ ಆ ಪುಟ್ಟ ಸೀಸೆ ಕಂಡಾಗಲೇ ಅನುಮಾನ ಬಂದಿತ್ತು, ನೀಲಿ ಮುಚ್ಚಳದ ಸೀಸೆ, ಮದುವೆಗೆ ಮುಂಚೆ ಅವಳು ಕಿವಿಯ ಹಿಂದೆ ಹಚ್ಚಿಕೊಳ್ಳುತ್ತಿದ್ದ ಅಗ್ಗದ ಸೆಂಟು, ಇವನಿಗೆ ಈ ಕೆಲಸ ಸಿಕ್ಕಿದ ದಿನ ತಾನಾಗಿಯೇ ಪೆಟ್ಟಿಗೆಯ ತಳಕ್ಕೆ ಹಾಕಿ, ಇನ್ನು ನಾನು ನೀರಿನ ಹಾಗೆ ಇರಬೇಕು ಅನ್ನಿ, ಎಂದು ನಕ್ಕಿದ್ದಳು, ಅವತ್ತಿನಿಂದ ವಾಸನೆ ಇಲ್ಲದ ಸೋಪು, ವಾಸನೆ ಇಲ್ಲದ ಎಣ್ಣೆ, ಮನೆಯಲ್ಲಿ ಒಂದು ಒಗ್ಗರಣೆ ಹಾಕಬೇಕಾದರೂ ಇವನ ರಜೆ ನೋಡಿಕೊಂಡು. ಆದರೂ ಅವಳಿಗೆ ಅವಳದೇ ವಾಸನೆ ಇತ್ತಲ್ಲ, ಕುತ್ತಿಗೆಯ ಹತ್ತಿರ, ಬಿಸಿಲಲ್ಲಿ ಒಣಗಿದ ಬಟ್ಟೆ ಮಡಿಸುವಾಗಿನಂಥದ್ದು, ದಿನವಿಡೀ ಅಂಟು ರಬ್ಬರು ಮೂಸಿ ಬಂದವನು ಅಲ್ಲಿ ಮುಖ ಇಟ್ಟು ಮೂಗು ತೊಳೆದುಕೊಳ್ಳುತ್ತಿದ್ದ, ಬಿಡ್ರೀ, ನಾನೇನು ನಿಮ್ಮ ಸೀಟಿನ ಹೊದಿಕೆನಾ, ಎಂದು ತಳ್ಳುತ್ತಿದ್ದಳು, ತಳ್ಳುವ ಕೈ ಅಲ್ಲೇ ಇರುತ್ತಿತ್ತು. ಜ್ವರದ ನಂತರ ಅಲ್ಲಿ ಮುಖ ಇಟ್ಟದ್ದು ಒಂದೇ ಸಲ. ಏನೂ ಇರಲಿಲ್ಲ. ಬೆಚ್ಚಗಿತ್ತು, ಅಷ್ಟೆ, ಯಾರದಾದರೂ ಆಗಬಹುದಾದ ಬಿಸಿ, ಅವನಿಗೆ ಭಯವಾಗಿ ಈಚೆ ಸರಿದಿದ್ದ, ಆಮೇಲೆ ಹತ್ತಿರ ಹೋಗಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾನೆ, ಅವಳೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ, ಈಗ ಈ ಸೀಸೆ, ದಿನದಿನಕ್ಕೆ ಅದರೊಳಗಿನ ಹಳದಿ ಕೆಳಗಿಳಿಯುತ್ತಿದೆ.

ಗೂಡಿನಲ್ಲಿ ಕೂತ. ಮುಂದೆ ಕಪ್ಪು ಕಾಗದ ಸುತ್ತಿದ ಜಾಡಿಗಳು, ವಾಸನೆ ಏಳಲೆಂದು ಒಲೆಯಲ್ಲಿ ಕಾಯಿಸಿ ಆಗಷ್ಟೇ ತಂದವು, ತಟ್ಟೆಗೆ ಕಚ್ಚಿ ಕೂತಿವೆ, ಎತ್ತಿ ತೂಕ ನೋಡುವ ಹಾಗಿಲ್ಲ. ಹಲಗೆಯ ಆಚೆ ಹುಡುಗಿ ಮೂಸುವುದು ಕೇಳಿಸುತ್ತಿದೆ, ಮೊಲದ ಹಾಗೆ, ಚಿಕ್ಕ ಚಿಕ್ಕದಾಗಿ, ಮುಖ ಮಾತ್ರ ಇಲ್ಲ, ಹಲಗೆಯಲ್ಲಿ ಒಂದು ಗಂಟು ಇದೆ, ಗಂಟಿಗೆ ಹುಬ್ಬಿಲ್ಲ. ಮೊದಲನೆಯ ಮುಚ್ಚಳ ತೆಗೆದ, ಬಿಸಿ ಗಾಳಿ, ಮುಚ್ಚಿದ. ಎರಡನೆಯದು, ಬಿಸಿ ಗಾಳಿ. ಸುಮ್ಮನೆ ಒಂದನ್ನು ಹೇಳಿಬಿಡುವುದು, ನಾಲ್ಕರಲ್ಲಿ ಒಂದೇ ಖಾಲಿ, ಸಿಕ್ಕಿಬೀಳದೆ ಇರುವುದೇ ಹೆಚ್ಚು, ಎದ್ದು ಮೇಷ್ಟ್ರ ಹಾಗೆ ಹೇಳಿ ಹೋಗಿಬಿಡುವುದು, ಹೋಗಿ ಎಲ್ಲಿಗೆ, ಮನೆಗೆ, ಮನೆಯಲ್ಲಿ ಏನೆಂದು ಹೇಳುವುದು, ನೀನು ಇಷ್ಟು ವರ್ಷ ನೀರಿನ ಹಾಗೆ ಇದ್ದದ್ದು ದಂಡವಾಯಿತು ಎಂದೇ — ಮೂರನೆಯ ಮುಚ್ಚಳ ತೆಗೆದ. ಬಂತು. ಬಂದೇ ಬಂತು, ತೆಳ್ಳಗೆ, ಆಮೇಲೆ ತುಂಬಿಕೊಂಡು, ಒಣಗಿದ ಬಟ್ಟೆ, ಬಿಸಿಲು, ಕಿವಿಯ ಹಿಂದಿನ ಅಗ್ಗದ ಸೆಂಟು, ಅವಳು ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು ಲೇಟಾಯಿತು ಅಲ್ವಾ ಎಂದಿದ್ದ ಸಂಜೆ, ನೀಲಿ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಣಿಕಟ್ಟಿಗೆ ಹಚ್ಚಿಕೊಳ್ಳುತ್ತಿದ್ದವಳು, ಎಲ್ಲವೂ, ಜಾಡಿಯ ಬಾಯಿಂದ, ಅವನು ಬಗ್ಗಿಯೇ ಇದ್ದ, ಅನ್ನಿಸುವುದಕ್ಕೂ ಇರುವುದಕ್ಕೂ ನಡುವೆ ಏನೂ ಉಳಿದಿರಲಿಲ್ಲ, ಜ್ವರದ ನಂತರ ಮೊದಲ ಸಲ ಅವನು ನಿಜವಾಗಿ ಮೂಸುತ್ತಿದ್ದ, ಕೆನ್ನೆ ಒದ್ದೆಯಾದದ್ದು ಆಮೇಲೆ ತಿಳಿಯಿತು. ಹಲಗೆಯ ಮೇಲಿಂದ ಮೇಡಂ ಇಣುಕಿದ್ದಳು. ಸಾರ್? ಎಂದಳು. ಇದು, ಎಂದ ಅವನು, ಮೂರನೆಯದು, ಇದೇ.

ನಾಲ್ಕನೆಯದನ್ನು ಅವನು ತೆರೆಯಲೂ ಇಲ್ಲ. ಎಲ್ಲರೂ ಮೇಜಿಗೆ ಬಂದರು, ಮೇಡಂ ಮೆತ್ತಗಾಗಿದ್ದಳು, ಇವರು ಅತ್ತದ್ದನ್ನು ನಾನು ನೋಡಿದೆ, ಇದಕ್ಕಿಂತ ಸರ್ಟಿಫಿಕೇಟ್ ಬೇಕಾ, ಮೂರನೆಯದು ಯಾವ ಬಗೆ ತೆಗೆದು ತೋರಿಸಿ ಎಂದಳು. ಹುಡುಗಿ ಮುಚ್ಚಿಟ್ಟಿದ್ದ ಪಟ್ಟಿ ಬಿಚ್ಚಿ ನೋಡಿದಳು, ಇನ್ನೊಮ್ಮೆ ನೋಡಿದಳು, ಎಡಹುಬ್ಬು ಏರಿತು. ಸಾರ್, ಮೂರನೆಯದು ಖಾಲಿ ಜಾಡಿ. ಯಾರೋ ಕುರ್ಚಿ ಸರಿಸಿದರು. ಕಪ್ಪು ಕಾಗದ ಬಿಚ್ಚಿ ಅವಳು ಅದನ್ನು ಮೇಜಿನ ನಡುವೆ ಇಟ್ಟಳು, ಬರೀ ಗಾಜು, ಅದರಾಚೆ ಮೇಡಂಳ ಬೆರಳುಗಳು ಸೊಟ್ಟಗೆ ಕಾಣುತ್ತಿದ್ದವು. ಈಗ ಹೇಳಬೇಕು, ಈಗ ಹೇಳಿದರೆ ಮೇಷ್ಟ್ರ ಸಾಲಿಗೆ ಸೇರುತ್ತೇನೆ, ಇನ್ನು ಒಂದು ಗಳಿಗೆ ಕಳೆದರೆ ಕಳ್ಳರ ಸಾಲಿಗೆ, ಅವನು ಬಾಯಿ ತೆರೆದ, ನನಗೆ, ಎಂದ, ಮೇಡಂ ಕೈಯೆತ್ತಿದಳು, ತಾಳಿ, ತಾಳಿ, ಖಾಲಿ ಜಾಡಿ ಇವರಿಗೆ ಗೊತ್ತಾಗಲಿಲ್ಲ ಅಂತ ಇಲ್ಲಿ ಯಾರಾದರೂ ನಂಬ್ತೀರಾ, ಇವರಿಗೆ? ಗೊತ್ತಿದ್ದೇ ಆರಿಸಿದ್ದಾರೆ. ಹಳೇದರ ನಕಲು ಮಾಡೋದು ಬೇಡ ಅಂತಿದ್ದಾರೆ. ಯೋಚನೆ ಮಾಡಿ, ಎಲ್ಲರೂ ಗಾಡಿ ತುಂಬ ಏನಾದರೊಂದು ತುರುಕುತ್ತಿದ್ದಾರೆ, ಸದ್ದು, ಬೆಳಕು, ಸೆಂಟು, ನಾವೊಬ್ಬರೇ ಏನೂ ಇಡದಿದ್ದರೆ, ಏನೂ ಇಲ್ಲದೆ ಇರೋದೇ ನಮ್ಮ ಗುರುತಾದರೆ, ಕೂತವನು ತನ್ನ ಅಪ್ಪನ ಕಾರಿನ ವಾಸನೆ ತಾನೇ ತಂದುಕೊಳ್ಳಲಿ, ಈ ಮನುಷ್ಯ ಖಾಲಿ ಜಾಡಿಯಿಂದ ತಂದುಕೊಂಡ ಹಾಗೆ. ಅವಳು ಹೇಳುತ್ತಾ ಹೇಳುತ್ತಾ ತಾನೇ ನಂಬಿದಳು, ಉಳಿದವರು ಅವಳನ್ನು ನಂಬಿದರು, ನಗು ಬರಬೇಕಾದ ಮಾತಿಗೆ ಯಾರಿಗೂ ನಗು ಬರಲಿಲ್ಲ, ಭಯಂಕರವಾದದ್ದು ಎಂದರೆ ಅವಳು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಅವನಿಗೂ ಹೊಳೆಯಲಿಲ್ಲ. ಹುಡುಗಿ ಮಾತ್ರ ಪೆನ್ಸಿಲ್ಲನ್ನು ತುಟಿಗೆ ಒತ್ತಲಿಲ್ಲ, ಅವನನ್ನೇ ನೋಡುತ್ತಿದ್ದಳು. ಇನ್ನು ಮೇಲೆ ಪ್ರತಿ ಗಾಡಿ ಹೊರಡುವ ಮುಂಚೆ ನೀವು ಕೂತು ನೋಡಬೇಕು ಸಾರ್, ಏನೂ ವಾಸನೆ ಇಲ್ಲ ಅಂತ ನೀವು ಹೇಳಿದ ಮೇಲೇ ಅದು ಹೊರಗೆ ಹೋಗೋದು, ಎಂದಳು ಮೇಡಂ. ಆ ಕೆಲಸ ಅವನು ಸಾಯುವವರೆಗೂ ಮಾಡಬಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೋಟಿನ ತೋಳನ್ನು ಮೂಗಿಗೆ ಒತ್ತಿ ಹಿಡಿದ, ಹುಡುಗಿಗೆ ಹತ್ತಿರ ಬಂದೊಡನೆ ಬಡಿದದ್ದು, ಬಟ್ಟೆ ಒರಟಾಗಿತ್ತು, ಅಷ್ಟೆ, ಬರುತ್ತದೆ, ಬಂದರೂ ಬರಬಹುದು, ಇಲ್ಲ. ಮನೆಯಲ್ಲಿ ಬಾಗಿಲು ತೆಗೆದವಳು ಒಳಗೆ ಹೋಗಿ ಕನ್ನಡಿಯ ಮುಂದೆ ಕೂತಳು, ಅವನ ಕಡೆ ಬೆನ್ನು, ಕನ್ನಡಿಯಲ್ಲಿ ಮುಖ. ನಿಮ್ಮ ಮೇಡಂ ಫೋನ್ ಮಾಡಿದ್ರು, ಎಂದಳು, ಹೊಗಳಿದ್ದೇ ಹೊಗಳಿದ್ದು. ಜಾಡಿ ಮೂಸಿ ಅತ್ತುಬಿಟ್ರಂತೆ. ಅವನು ಶೂ ಬಿಚ್ಚುತ್ತಿದ್ದ, ದಾರ ಗಂಟಾಯಿತು, ಬಿಡಿಸುವುದು ಸುಲಭವಿತ್ತು, ಬಿಡಿಸಲಿಲ್ಲ. ಒಂದು ಕೇಳ್ಲಾ ರೀ, ಹೋದ ವಾರದಿಂದ ಇದನ್ನ ಹಚ್ಕೊಂಡು ನಿಮ್ಮ ಪಕ್ಕ ಕೂರ್ತಿದೀನಿ. ಮೂಗು ಹಾಳಾಗುತ್ತೆ, ತೊಳಕೊಂಡು ಬಾ ಅಂತ ಬೈತೀರಿ ಅಂತ ಕಾದೆ. ಬೈದಿದ್ರೂ ಸಾಕಿತ್ತು. ಆ ಸುಡುಗಾಡು ಕಾರಿಗೆ ಅಳೋಕೆ ಬರುತ್ತೆ ನಿಮಗೆ. ಅವಳ ದನಿ ಏರಿರಲಿಲ್ಲ, ಅದಕ್ಕೇ ಅವನಿಗೆ ತಲೆಯೆತ್ತಲಾಗಲಿಲ್ಲ, ಎರಡು ಹೆಜ್ಜೆ ಹಾಕಿ ಆ ಕುತ್ತಿಗೆಯ ಮೇಲೆ ಮುಖ ಇಟ್ಟರೆ, ಇಟ್ಟು ಇನ್ನೂ ಏನೂ ಇಲ್ಲದಿದ್ದರೆ, ಬೆಚ್ಚಗಿನ ಗಾಜು, ಈಗ ಜಾಡಿಯಲ್ಲಿ ಇದ್ದದ್ದೂ ಹೋಗಿಬಿಟ್ಟರೆ — ಕೆಲಸದ ತಲೆಬಿಸಿ ಕಣೇ, ಎಂದ. ಹೂಂ, ಎಂದಳು ಅವಳು. ಕನ್ನಡಿಯಲ್ಲಿ ಅವಳ ಬೆರಳು ಕಂಡಿತು, ನೀಲಿ ಮುಚ್ಚಳ, ತಿರುಗಿಸುತ್ತಿದ್ದಾಳೆ, ಮೆಲ್ಲಗೆ, ಪೂರ್ತಿ ಬಿಗಿಯಾದ ಮೇಲೂ ತಿರುಗಿಸುತ್ತಿದ್ದಾಳೆ, ನೀಲಿ ಮುಚ್ಚಳ. ತನಗೆ ವಾಸನೆ ತಿಳಿಯುವುದಿಲ್ಲ ಎಂದು, ಜಾಡಿಯ ಮೇಲೆ ಬಗ್ಗಿ ಅತ್ತದ್ದು ಅವಳಿಗೆ ಎಂದು, ಅವನು ಹೇಳಲಿಲ್ಲ.